ಕುರಿಗೆಂದು ಕಟ್ಟಿದ ಹೊಂಡ

ಸುಣ್ಣಕಲ್ಲಿನ ಗುಡ್ಡದ ನೆತ್ತಿಯಲ್ಲಿ ಒಂದು ಹೊಂಡ ಕಟ್ಟಬೇಕೆಂದರೆ ನಾಲ್ಕು ಆಳು, ನಾಲ್ಕು ವಾರ. ಕಣಿವೆಯಿಂದ ಅರವತ್ತು ಗಾಡಿ ಜೇಡಿಮಣ್ಣು, ಆರು ಗಾಡಿ ಗೋಧಿ ಹುಲ್ಲು, ಎರೆಹುಳು ತೂತು ಕೊರೆಯದಿರಲಿ ಎಂದು ಮೂರು ಗಾಡಿ ಸುಟ್ಟ ಸುಣ್ಣ. ಬೇರೆ ಊರಿನವರಾದರೆ ಮೂವತ್ತು ಪೌಂಡ್ ಕೊಡುತ್ತಿದ್ದರು. ನನ್ನ ಅಪ್ಪ ಜೇಬೆಸ್ ನಮ್ಮೂರ ಹೊಂಡವನ್ನು ಪುಕ್ಕಟೆ ಕಟ್ಟಿದ. ಗೋಮಾಳ ಊರಿನದು, ಕುರಿ ಊರಿನವು ಎಂದು.

ಆ ಹೊಂಡದಲ್ಲೇ ಅವನ ಮುಖ ಮುಳುಗಿಸಿದರು.

"ನನ್ನ ಹೊಂಡ ಅಂದ್ಯೇನ್ಲಾ ಮುದಿ ನಾಯಿ? ಕುಡಿ. ಕುರಿ ಕುಡಿಯೋ ಹಂಗೆ ಕುಡಿ."

ಪಾರುಪತ್ಯಗಾರ ಕ್ರೌಲಿಯ ಬೂಟು ಅಪ್ಪನ ಕತ್ತಿನ ಮೇಲಿತ್ತು. ನನ್ನ ತೋಳನ್ನು ಇಬ್ಬರು ಆಳುಗಳು ಹಿಡಿದಿದ್ದರು. ದೊರೆ ಸರ್ ಗಾಡ್‌ಫ್ರಿ ಕುದುರೆಯ ಮೇಲೆ ಕೂತು ಕೈಗವಸಿನ ಗುಂಡಿ ಹಾಕಿಕೊಳ್ಳುತ್ತಿದ್ದ.

ಅಪ್ಪ ಜಗಳಕ್ಕೆ ಹೋಗಿರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು, "ಧಣಿ, ನೀರಿಗೆ ಕುದುರೆ ಇಳಿಸೋಕೆ ಮುಂಚೆ ನನ್ನ ಹೊಂಡದ ವಿಚಾರ ಒಂದು ಮಾತು ಕೇಳಿ" ಎಂದಿದ್ದ. ಅಷ್ಟೇ.

"ಇನ್ನೊಂದ್ಸಲ ಈ ಹೊಂಡದ ಸುದ್ದಿ ಎತ್ತಿದ್ರೆ ಹಲ್ಲು ಉದುರಿಸ್ತೀನಿ, ಬೋಳಿಮಗನೆ. ಬಾಯಿ ಮುಚ್ಕೊಂಡಿರು. ತಿಳೀತಾ?"

"ಸಾಕು ಕ್ರೌಲಿ," ಎಂದ ದೊರೆ. "ಕುದುರೆಗಳು ಬೆದರ್ತವೆ."

ದೊರೆಯ ಪಂದ್ಯದ ಕುದುರೆಗಳು ಒಟ್ಟು ಹನ್ನೆರಡು. ಅವುಗಳ ಓಟಕ್ಕೆ ನಮ್ಮ ಗುಡ್ಡದಷ್ಟು ಹದವಾದ ನೆಲ ಬೇರೆಲ್ಲೂ ಇಲ್ಲವಂತೆ. ಅದು ನಿಜವೇ. ಕಾಲಿಟ್ಟರೆ ಹಾಸಿಗೆಯ ಹಾಗೆ ಮೇಲಕ್ಕೆ ಪುಟಿಯುತ್ತದೆ. ಆದರೆ ಅದನ್ನು ಹಾಗೆ ಮಾಡಿದ್ದು ಯಾರು? ನಮ್ಮ ಅಜ್ಜಂದಿರ ಅಜ್ಜಂದಿರ ಕುರಿಗಳು. ಅವು ಬುಡದ ತನಕ ಮೇಯುವುದರಿಂದಲೇ ಹುಲ್ಲು ಬೆರಳುದ್ದ ದಾಟುವುದಿಲ್ಲ. ಘಮಘಮಿಸುವ ಥೈಮ್ ಸೊಪ್ಪು ನೆಲಕ್ಕಂಟಿ ಹಬ್ಬುತ್ತದೆ. ಜೇನುನೊಣವೇ ಕೂತಂತೆ ಕಾಣುವ ಹೂವು ಜೂನ್‌ನಲ್ಲಿ ತಲೆ ಎತ್ತುತ್ತದೆ. ಇದ್ಯಾವುದೂ ದೊರೆಗೆ ಗೊತ್ತಿರಲಿಲ್ಲ. ಆ ವಸಂತದಲ್ಲಿ ಓಕ್ ಕಂಬ ನೆಡಿಸಿ ಇಡೀ ಗೋಮಾಳಕ್ಕೆ ಬೇಲಿ ಹಾಕಿಸಿದ. ನಮ್ಮ ಹನ್ನೊಂದು ಮನೆಗಳ ಕುರಿ ರಸ್ತೆಯ ಅಂಚಿಗೆ ಬಿದ್ದವು. ನ್ಯಾಯ ಕೇಳೋಣವೆಂದರೆ ನ್ಯಾಯಾಧೀಶನೂ ಅವನೇ.

ಅಂದು ಅಪ್ಪ ಒಲೆಯ ಮುಂದೆ ಅಂಗಿ ಒಣಗಿಸಿಕೊಳ್ಳುತ್ತ ಕೂತ. ಗಡ್ಡದಲ್ಲಿ ಇನ್ನೂ ಕೆಸರಿತ್ತು. ನಾನು ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡೆ.

"ಎಲ್ಲಿಗೆ, ಹೆಪ್ಸಿ?"

"ಹೊಂಡಕ್ಕೆ. ತಳ ಚುಚ್ಚಿ ಬತ್ತೀನಿ. ಆ ಸೂಳೆಮಕ್ಕಳ ಕುದುರೆ ಗಾಳಿ ಕುಡೀಲಿ."

"ಇಡು ಅದನ್ನ. ನಾನು ಕಟ್ಟಿದ್ದನ್ನ ನನ್ನ ಮಗಳ ಕೈಲಿ ಒಡೆಸ್ಲಾ?" ಸ್ವಲ್ಪ ಹೊತ್ತು ಅಂಗಿಯ ತೋಳು ಹಿಂಡಿದ. "ಅವರೇ ಒಡೀತಾರೆ ಬುಡು."

ಆಮೇಲೆ ಹೇಳಿದ. ಕುರಿಗೆ ಕಟ್ಟುವ ಹೊಂಡಕ್ಕೆ ಜೇಡಿ ಒಂದು ಗೇಣು ಸಾಕು. ಕುರಿಯ ಗೊರಸು ಅದನ್ನು ತುಳಿದಷ್ಟೂ ಗಟ್ಟಿ ಮಾಡುತ್ತದೆ. ಕುದುರೆಗಾದರೆ ಜೇಡಿಯ ಮೇಲೆ ಇನ್ನೊಂದು ಗೇಣು ಕಲ್ಲುಚೂರು ಹಾಸಬೇಕು. ಇಲ್ಲದಿದ್ದರೆ ಲಾಳದ ಅಂಚು ಜೇಡಿಯನ್ನು ಅಡಿಯ ಹುಲ್ಲಿನ ಪದರದ ತನಕ ಕೊಯ್ಯುತ್ತದೆ. ಕೆಳಗೆ ಬರೀ ಸುಣ್ಣಕಲ್ಲು. ಎಷ್ಟು ನೀರು ಕೊಟ್ಟರೂ ಕುಡಿಯುತ್ತದೆ.

"ಅದನ್ನೇ ಹೇಳೋಕೆ ಹೋಗಿದ್ದೆ ಕಣವ್ವ. ಎರಡು ದಿನದ ಕೆಲಸ. ಮಾಡ್ಕೊಟ್ಟು, ಕುರಿಗೂ ಒಂದು ಮೂಲೆ ಬುಡಿ ಅಂತ ಕೇಳೋನಿದ್ದೆ."

"ಈಗ?"

"ಈಗ ಬಾಯಿ ಮುಚ್ಕೊಂಡಿರು ಅಂದವ್ರೆ."

"ಎಷ್ಟು ದಿನ ತಡೀತದೆ?"

ಅಪ್ಪ ಬೆರಳು ಮಡಿಸಿದ. "ಹನ್ನೆರಡು ಕುದುರೆ. ನಲವತ್ತೆಂಟು ಲಾಳ. ಗೋಧಿ ಕುಯ್ಲು ದಾಟಾಕಿಲ್ಲ."

ಬೇಲಿಯ ಪಕ್ಕದಲ್ಲೇ ಇಗರ್ಜಿಗೆ ಹೋಗುವ ಕಾಲುದಾರಿ, ಅಲ್ಲಿಂದ ಹೊಂಡ ಕಾಣುತ್ತಿತ್ತು. ಅದೊಂದನ್ನು ಮುಚ್ಚಲು ದೊರೆಯಿಂದಲೂ ಆಗಿರಲಿಲ್ಲ. ಅಪ್ಪನ ಲೆಕ್ಕ ಕೇಳಿದ ಮೇಲೆ ಆ ಬೇಸಿಗೆ ನಮ್ಮ ಹನ್ನೊಂದು ಮನೆಯವರು ಒಂದು ಭಾನುವಾರವೂ ಪ್ರಾರ್ಥನೆ ತಪ್ಪಿಸಲಿಲ್ಲ. ಪಾದ್ರಿಗೆ ಸಂತೋಷವೋ ಸಂತೋಷ.

"ಒಡೆಯರ ಮಾತು ಮೀರದೆ ನಡೀತಿದ್ದೀರಿ. ದೇವರು ನೋಡ್ತಿದ್ದಾನೆ."

"ನಾವೂ ನೋಡ್ತಾನೇ ಇದೀವಿ ಸ್ವಾಮಿ," ಎಂದ ಕುರುಬ ಎಲಮ್.

ಮೇ ಕೊನೆಗೆ ನೀರು ಇಳಿದು ಅದರ ಸುತ್ತ ಒಣಗಿದ ಅಂಚಿನ ಒಂದು ಬಿಳಿ ಉಂಗುರ ಕಂಡಿತು. ಜೂನ್‌ನಲ್ಲಿ ಅದು ಮೊಳದಗಲವಾಯಿತು. ಎಲಮ್ ತನ್ನ ಕೋಲಿನ ಮೇಲೆ ಚಾಕುವಿನಿಂದ ಗೀರು ಹಾಕುತ್ತಿದ್ದ. ಪ್ರತಿ ಗೀರಿಗೂ ನಮಗೆ ಹಬ್ಬದೂಟ ಉಂಡಷ್ಟು ಖುಷಿ.

ಬೇರೆಯದನ್ನೂ ನೋಡಬೇಕಾಯಿತು. ಕುದುರೆ ಮುಗ್ಗರಿಸುತ್ತವೆಂದು ಕ್ರೌಲಿ ಇರುವೆಗಳ ಗುಡ್ಡೆಗಳನ್ನೆಲ್ಲ ಸಲಿಕೆಯಲ್ಲಿ ಕತ್ತರಿಸಿ ಹಾಕಿಸಿದ. ನಮ್ಮ ಗುಡ್ಡದ ಉಗುರಗಲದ ನೀಲಿ ಚಿಟ್ಟೆಯ ಮರಿಹುಳುವನ್ನು ಆ ಇರುವೆಗಳೇ ಸುತ್ತುಗಟ್ಟಿ ಕಾಯುತ್ತವೆ, ಅದರ ಮೈಯ ಸಿಹಿ ನೆಕ್ಕುತ್ತ. ಆ ವರ್ಷ ನೀಲಿ ಹಾರಲಿಲ್ಲ. ನೆಲಗುಬ್ಬಿಯ ಗೂಡುಗಳು ಗೊರಸಿನಡಿ ಹೋದವು. ಕುರಿಯಿಲ್ಲದ ಕಡೆ ಹುಲ್ಲು ಮೊಣಕಾಲುದ್ದ ಎದ್ದು ಥೈಮನ್ನು ನುಂಗಿತು. ನೆರೆಮನೆಯ ಮರ್ಸಿ ಮೇವಿಲ್ಲದೆ ನಾಲ್ಕು ಕುರಿ ಕಟುಕನಿಗೆ ಮಾರಿದಳು. "ನಿಮ್ಮಪ್ಪನ ಲೆಕ್ಕ ತಪ್ಪಿದ್ರೆ ನಿಮ್ಮನೆ ಮುಂದೇನೇ ನೇಣು ಹಾಕ್ಕೋತೀನಿ ಕಣೇ," ಎಂದಳು.

ಲೆಕ್ಕ ತಪ್ಪಲಿಲ್ಲ. ಆಗಸ್ಟ್ ಮೊದಲ ವಾರ ಹೊಂಡದಲ್ಲಿ ಉಳಿದದ್ದು ಲಾಳದ ಗುರುತು ತುಂಬಿದ ಕೆಸರು. ಕುದುರೆಗಳಿಗೆಂದು ಕಣಿವೆಯಿಂದ ಪೀಪಾಯಿ ಗಾಡಿಗಳು ಏರತೊಡಗಿದವು. ಆ ಗಾಲಿಗಳು ಓಟದ ನೆಲವನ್ನೇ ಉತ್ತು ಹಾಕಿದವು.

ದೊರೆ ಬೇರೆ ಹೊಂಡಗಾರರನ್ನು ಕರೆಸಿದ. ಜಿಲ್ಲೆಯಲ್ಲಿ ಈ ಕೆಲಸ ಬಲ್ಲವರು ಇನ್ನು ಮೂರೇ ಮನೆ. ಒಬ್ಬ ಕಟ್ಟಿದ ಹೊಂಡಕ್ಕೆ ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಕೈ ಹಾಕುವುದಿಲ್ಲ. ಅವರಲ್ಲಿ ಮೊದಲಿನಿಂದ ಬಂದ ಕಟ್ಟು ಅದು. ಮೂವರೂ ಬಂದರು, ಕೆಸರು ನೋಡಿದರು, ನಮ್ಮನೆಗೆ ಬಂದು ಅಪ್ಪನ ಮುಖ ನೋಡಿದರು. ಅಪ್ಪ ತಲೆ ಅಡ್ಡ ಆಡಿಸಿದ. ಬಿಯರ್ ಕುಡಿದು ಹೊರಟುಹೋದರು.

ಕೊನೆಗೆ ದೊರೆಯೇ ಬಂದ. ಹಿಂದೆ ಕ್ರೌಲಿ. ಮನೆ ನಮ್ಮ ಸ್ವಂತ ಜಾಗದಲ್ಲಿತ್ತು, ಹೊರಗೆ ಹಾಕುವ ಹಾಗಿರಲಿಲ್ಲ.

"ಹಿಂಗಾಗುತ್ತೆ ಅಂತ ನಿನಗೆ ಗೊತ್ತಿತ್ತಲ್ಲವೇ?"

ಅಪ್ಪ ನನ್ನತ್ತ ತಿರುಗಿದ. ನಾನೇ ಹೇಳಿದೆ. "ಬಾಯಿ ಮುಚ್ಕೊಂಡಿರು ಅಂದಿದ್ರು ಧಣಿ. ಅಪ್ಪ ಅವತ್ತಿಂದ ಮುಚ್ಕೊಂಡೇ ಅವ್ನೆ. ನಿಮ್ಮ ಕುದುರೆ ಬೆದರ್ತವಲ್ಲ."

"ಅರವತ್ತು ಪೌಂಡ್ ಕೊಡ್ತೀನಿ. ಇನ್ನೇನು ಬೇಕು?"

ಅಪ್ಪ ಎದ್ದು ಒಳಗೆ ಹೋಗಿ ನಾಯಿಯ ಬೋಗುಣಿ ತಂದು ಹೊಸ್ತಿಲಾಚೆ ಇಟ್ಟ. ನೀರು ಸುರಿದ.

"ಅವನು ಕುಡೀಲಿ. ಕುರಿ ಕುಡಿಯೋ ಹಂಗೆ."

ಕ್ರೌಲಿ ನಕ್ಕ. ದೊರೆ ನಗಲಿಲ್ಲ. ಕೈಗವಸಿನ ಗುಂಡಿ ನೋಡಿಕೊಳ್ಳುತ್ತ, "ಕುಡಿ ಕ್ರೌಲಿ" ಎಂದ.

"ಸ್ವಾಮಿ—"

"ಕುಡಿ ಅಂದೆ."

ಇಪ್ಪತ್ತು ವರ್ಷ ಆ ಮನೆಯ ಚಾಕರಿ ಮಾಡಿದವನು ನಮ್ಮ ಅಂಗಳದಲ್ಲಿ ಮಂಡಿಯೂರಿದ. ಬಗ್ಗಿದಾಗ ಅವನ ಬೋಳು ನೆತ್ತಿ ಕಂಡಿತು, ಬಿಸಿಲಿಗೆ ಸುಲಿದು ಕೆಂಪಾಗಿತ್ತು. ನನಗೆ ಅಯ್ಯೋ ಅನ್ನಿಸಿತು. ಅಪ್ಪನಿಗೆ ಅನ್ನಿಸಲಿಲ್ಲ. ಬೋಗುಣಿ ಬರಿದಾಗುವ ತನಕ ನೋಡುತ್ತ ನಿಂತ.

"ಸರಿ," ಎಂದ ದೊರೆ. "ನಾಳೆಯಿಂದ ಕೆಲಸ ಶುರು ಮಾಡು."

"ಮಾಡಾಕಿಲ್ಲ," ಎಂದು ಅಪ್ಪ ಬಾಗಿಲು ಹಾಕಿಕೊಂಡ.

ಸೆಪ್ಟೆಂಬರ್‌ನಲ್ಲಿ ಕುದುರೆಗಳು ಬೇರೆ ಜಿಲ್ಲೆಗೆ ಹೋದವು. ಮರುದಿನ ಹಾಡುಹಗಲಲ್ಲಿ ಹನ್ನೊಂದು ಮನೆಯವರೂ ಹೋಗಿ ಬೇಲಿ ಕಿತ್ತೆವು. ಯಾರೂ ತಡೆಯಲಿಲ್ಲ. ಕುದುರೆ ಓಡದ ಗುಡ್ಡಕ್ಕಾಗಿ ಕಾವಲಿಗೆ ದುಡ್ಡು ಸುರಿಯುವವರು ಯಾರು? ಓಕ್ ಕಂಬಗಳು ಆ ಚಳಿಗಾಲ ಪೂರ್ತಿ ನಮ್ಮ ಒಲೆಗಳಲ್ಲಿ ಉರಿದವು. ಮರ್ಸಿ ಎರಡು ಕಂಬ ಹೆಚ್ಚಿಗೆ ಹೊತ್ತಳು. ಯಾರೂ ಕೇಳಲಿಲ್ಲ.

ಚಳಿಗಾಲದ ಮಳೆಗೆ ಮೊದಲೇ ಹೊಂಡಕ್ಕೆ ಮತ್ತೆ ಜೇಡಿ ತುಳಿಯೋಣ ಎಂದು ಎಲಮ್ ಬಂದಿದ್ದ.

"ಬ್ಯಾಡ," ಎಂದ ಅಪ್ಪ. "ಹೊಂಡ ತುಂಬಿದ್ರೆ ಕುದುರೆ ವಾಪಸ್ ಬತ್ತವೆ. ಒಣಗ್ಲಿ."

ಅಪ್ಪ ಮತ್ತೆ ಆ ಕಡೆ ಹೋಗಲಿಲ್ಲ. ಎರಡನೇ ಚಳಿಗಾಲದಲ್ಲಿ ತೀರಿಕೊಂಡ.

ಆರನೇ ಬೇಸಿಗೆಯಲ್ಲಿ ನೀಲಿ ಚಿಟ್ಟೆ ತಿರುಗಿ ಬಂತು, ಮೊದಲು ಹೊಂಡದ ಒಣ ತಗ್ಗಿನಲ್ಲೇ. ಈಗ ಕುರಿಗಳನ್ನು ದಿನಕ್ಕೆ ಎರಡು ಸಲ ಕಣಿವೆಗೆ ಇಳಿಸಿ ನೀರು ಕುಡಿಸಿ ಮತ್ತೆ ಹತ್ತಿಸಬೇಕು. ಒಂದು ಸಲಕ್ಕೆ ಎರಡು ಮೈಲಿ. ಹಳೆಯ ಕುರಿಗಳು ಇಂದಿಗೂ ದಾರಿ ಬಿಟ್ಟು ಆ ತಗ್ಗಿಗೆ ಹೋಗಿ, ಮೂತಿ ಬಗ್ಗಿಸಿ ನಿಲ್ಲುತ್ತವೆ. ಮರಿಗಳೂ ಅವನ್ನು ನೋಡಿ ನಿಲ್ಲುತ್ತವೆ.

ಗುಡ್ಡ ಉಳಿಯಿತು. ನೀರು ಹೋಯಿತು.