ಒಂದು ರಟ್ಟು ಕಡಿಮೆ

"ಇನ್ನೂ ದಪ್ಪಕ್ಕೆ ಬರಿಯೋ ಮಾರಾಯ. ನನ್ನ ಕಣ್ಣಿಗೆ ಇದು ಇರುವೆ ಸಾಲಿನ ಥರ ಕಾಣ್ತಿದೆ," ಎಂದ ಲೂಥರ್.

ಸೋಲ್ ಪೆಸ್ಕಿನ್ ಸ್ಮಶಾನದ ಪಕ್ಕದ ಪ್ರಾರ್ಥನಾ ಮಂದಿರದ ಹಿಂಕೋಣೆಯಲ್ಲಿ ಮಂಡಿಯೂರಿ, ದೊಡ್ಡ ಬಿಳಿ ರಟ್ಟಿನ ಮೇಲೆ ಕಪ್ಪು ಮಾರ್ಕರ್ ಒತ್ತಿ ಬರೆಯುತ್ತಿದ್ದ. ಎಪ್ಪತ್ತೆಂಟರ ಮಂಡಿಗಳು ಅವನನ್ನು ಶಪಿಸುತ್ತಿದ್ದವು. ಬರ್ನಿ ಝಲ್ಮನ್ ರಾತ್ರಿ ಹನ್ನೊಂದೂವರೆಗೆ ಟೀವಿಯಲ್ಲಿ ಬಂದು ಅಮೆರಿಕವನ್ನು ನಗಿಸಿ ಮಲಗಿಸುತ್ತಿದ್ದ ಇಪ್ಪತ್ತಾರು ವರ್ಷವೂ, ಅವನ ಮಾತನ್ನು ಹೀಗೆ ಬರೆದು ಕ್ಯಾಮೆರಾದ ಪಕ್ಕದಲ್ಲೇ ಎತ್ತಿ ಹಿಡಿದವನು ಸೋಲ್. ಲೂಥರ್ ಕೊನೆಯ ಇಪ್ಪತ್ತು ವರ್ಷ ಅದೇ ಕಾರ್ಯಕ್ರಮದ ವಾದ್ಯವೃಂದದ ಯಜಮಾನ. ಇಂದು ಬರ್ನಿಯನ್ನು ಮಣ್ಣು ಮಾಡುವ ದಿನ. ಮಾತಾಡುವವನು ಲೂಥರ್, ಹಿಡಿಯುವವನು ಮತ್ತೆ ಸೋಲ್.

"ಮುಂದಿಂದು ಬರ್ಕೋ. 'ಅವನ ಅತಿ ದೊಡ್ಡ ಜೋಕಿನಲ್ಲಿ ಒಂದು ಮಾತೂ ಇರಲಿಲ್ಲ. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತ ನನ್ನ ಹೆಸರೇ ಮರೆತವನ ಹಾಗೆ ಹನ್ನೊಂದು ಸೆಕೆಂಡು ನನ್ನನ್ನೇ ನೋಡಿದ.'"

ಮಾರ್ಕರ್ ನಿಂತಿತು.

"ಇದು ಬೇಡ ಲೂಥರ್."

"ಯಾಕೋ? ಜನ ಕಾಯೋದೇ ಇದಕ್ಕೆ. ನಾನು ಡ್ರಮ್ಮಿನ ಮೇಲೆ ಬಿದ್ದು ನಕ್ಕಿದ್ದು ನೆನಪಿಲ್ವಾ? ಬರಿ, ಬರಿ."

ಸೋಲ್ ಬರೆದ. ಅಕ್ಷರ ದುಂಡಗೆ ಬಂತು. ಪಾಪಿ ಕೈಗೆ ಅಭ್ಯಾಸ ತಪ್ಪಿರಲಿಲ್ಲ.

*

ಹನ್ನೊಂದು ವರ್ಷದ ಹಿಂದೆ, ಒಂದು ಗುರುವಾರ. ರಾತ್ರಿಯ ಕಾರ್ಯಕ್ರಮದ ಚಿತ್ರೀಕರಣ ಎಂದಿನಂತೆ ಸಂಜೆ ಐದಕ್ಕೆ. ಸೋಲ್‌ನ ಹೆಂಡತಿ ಮಿರಿಯಮ್ ತೀರಿ ಹದಿನಾರು ದಿನ. ಅವನು ಕೆಲಸಕ್ಕೆ ಮರಳಿದ ಮೊದಲ ದಿನ.

ಬರ್ನಿಗೆ ಮರೆವು ಹತ್ತಿದ್ದು ಸೋಲ್‌ಗೊಬ್ಬನಿಗೇ ಗೊತ್ತಿತ್ತು. ವರ್ಷದಿಂದ ಬರ್ನಿ ಗುಟ್ಟಾಗಿ, "ಹೆಸರುಗಳನ್ನೂ ಬರೆದಿಡು ಸೋಲಿ. ಲೂಥರ್‌ದೂ," ಎನ್ನುತ್ತಿದ್ದ. ಗುಟ್ಟು ರಟ್ಟಾಗುತ್ತದೆ ಎನ್ನುತ್ತಾರೆ. ಇವರ ಗುಟ್ಟು ರಟ್ಟಿನ ಮೇಲೆಯೇ ಇದ್ದು ಯಾರಿಗೂ ತಿಳಿದಿರಲಿಲ್ಲ. ಕಸುಬಿಗೆ ಒಂದೇ ನೇಮ: ಅವನು ಓದಿ ಮುಗಿಸುವವರೆಗೆ ರಟ್ಟು ಇಳಿಸಕೂಡದು.

ಅಂದು ಮೂರನೇ ಜೋಕಿಗೆ ಯಾರೂ ನಗಲಿಲ್ಲ. ಜೋಕು ಬಿದ್ದರೆ ಸೋಲ್‌ನ ಮೇಲೆ ಹಾಕುವುದು ಬರ್ನಿಯ ಹಳೆಯ ಚಾಳಿ.

"ಇದು ಸೋಲ್ ಬರೆದದ್ದು ಸ್ವಾಮೀ. ಮಿರಿಯಮ್ ಇವತ್ತು ತಿದ್ದಿ ಕಳಿಸಿಲ್ಲ ಅಂತ ಕಾಣತ್ತೆ. ಏನೋ, ಹೆಂಡ್ತಿ ಮನೆ ಬಿಟ್ಟು ಓಡಿಹೋದ್ಲಾ?"

ಸಭಾಂಗಣ ಘೊಳ್ಳೆಂದಿತು.

ಅವಳ ಗೋರಿಯ ಮೇಲೆ ತಾನೇ ಮಣ್ಣು ಹಾಕಿದವನು ಈ ಮಾತಾಡಿದನೇ! ಮುಂದಿನ ರಟ್ಟಿನ ಮೇಲೆ ಬರ್ನಿ ಕರೆಯಬೇಕಿದ್ದ ಒಂದೇ ಪದವಿತ್ತು: ಲೂಥರ್. ಸೋಲ್ ಅದನ್ನು ಹಿಂದಕ್ಕೆ ಸರಿಸಿ ಖಾಲಿ ರಟ್ಟು ಎತ್ತಿದ.

ಬರ್ನಿ ಖಾಲಿ ರಟ್ಟು ನೋಡಿದ. ವಾದ್ಯವೃಂದದತ್ತ ತಿರುಗಿದ. ಬಾಯಿ ತೆರೆದೇ ಇತ್ತು. ಸಂತೆಯಲ್ಲಿ ಅಮ್ಮನ ಕೈ ತಪ್ಪಿದ ಮಗುವಿನ ಮುಖ. ಜನ ಬಿದ್ದು ಬಿದ್ದು ನಕ್ಕರು. ಆರನೇ ಸೆಕೆಂಡಿಗೆ ಸೋಲ್‌ಗೆ ಹೊಳೆಯಿತು: ಮಿರಿಯಮ್ ಸತ್ತದ್ದನ್ನೇ ಇವನು ಮರೆತಿದ್ದಾನೆ. ಆದರೂ ಹೆಸರಿನ ರಟ್ಟು ಎತ್ತಲಿಲ್ಲ. ಇನ್ನೂ ಐದು ಸೆಕೆಂಡು ಕಳೆಯಿತು.

ಚಾನೆಲ್ಲಿನ ದೊಡ್ಡವರು ಆ ಚಿತ್ರವನ್ನು ಮತ್ತೆ ಮತ್ತೆ ನೋಡಿ ಬರ್ನಿಯನ್ನು ವೈದ್ಯರಲ್ಲಿಗೆ ಕಳಿಸಿದರು. ಆರು ವಾರದಲ್ಲಿ ಕಾರ್ಯಕ್ರಮ ಮುಗಿಯಿತು. ಅಂದಿನ ನೋಟ ಮಾತ್ರ ಜನರಿಗೆ, ಲೂಥರ್‌ಗೂ, ಜೋಕಾಗಿಯೇ ಉಳಿಯಿತು.

ಆಮೇಲೆ ಬರ್ನಿ ಫೋನ್ ಮಾಡುತ್ತಿದ್ದ. "ಸೋಲಿ, ನಿಂಗೇನೋ ಹೇಳ್ಬೇಕಿತ್ತು ಕಣೋ... ಏನು ಅಂತ... ಇರ್ಲಿ ಬಿಡು. ಅಲ್ಲಿ ಹಿಮ ಬೀಳ್ತಿದೆಯಾ?" ಎಂಟು ಬಾರಿ ಹಾಗೇ ಆಯಿತು. ಒಂಬತ್ತನೇ ಸಲಕ್ಕೆ ಸೋಲ್ ಫೋನೆತ್ತಲಿಲ್ಲ. ಎತ್ತುವ ಮುಖವೂ ಇರಲಿಲ್ಲ.

*

ಗೋರಿಯ ಬದಿಯಲ್ಲಿ ಲೂಥರ್ ಆ ರಟ್ಟನ್ನು ಓದಿದಾಗ ಅಳುತ್ತಿದ್ದವರೂ ನಕ್ಕರು. ಸೋಲ್ ಅವರತ್ತ ನೋಡದೆ ಮುಂದಿನ ರಟ್ಟು ಎತ್ತಿದ.

ಜನ ಸಾಲಾಗಿ, ಯೆಹೂದಿ ರೂಢಿಯಂತೆ ಸಲಿಕೆಯ ಬೆನ್ನಿನಿಂದ ಮಣ್ಣು ಹಾಕತೊಡಗಿದಾಗ ಬರ್ನಿಯ ಹೆಂಡತಿ ಎಸ್ಟೆಲ್ ಮಡಿಚಿದ ರಟ್ಟೊಂದನ್ನು ಹಿಡಿದು ಬಂದಳು.

"ಅವನ ಹಾಸಿಗೆ ಪಕ್ಕದ ಡ್ರಾಯರಲ್ಲಿತ್ತು. ನಿನ್ನ ಅಕ್ಷರ ಅಲ್ವಾ? ಲೂಥರ್ ಈಗ ಹೇಳಿದ್ನಲ್ಲ, ಆ ದಿನ ಸ್ಟುಡಿಯೋ ಕಸದ ಬುಟ್ಟಿಯಿಂದ ಎತ್ಕೊಂಡು ಬಂದಿದ್ದ. ಕೊನೇಲಿ ನಾನು ಯಾರು ಅಂತಾನೂ ಗೊತ್ತಿರ್ಲಿಲ್ಲ ಸೋಲ್. ಇದನ್ನ ಓದಿ ಓದಿ ನನ್ನೇ ಲೂಥರ್ ಅಂತಿದ್ದ." ಅವಳು ನಗಲು ಹೋಗಿ ಅತ್ತಳು. "ಹಿಂಬದೀಲಿ ಏನೋ ಬರೆದಿದ್ದಾನೆ. ಅದನ್ನ ಓದಿದಾಗೆಲ್ಲ ಎದ್ದು ಹೋಗಿ ನಿಂಗೆ ಫೋನ್ ಹಚ್ತಿದ್ದ. ಹೇಳಿದ್ನಾ?"

ಸೋಲ್ ತಿರುಗಿಸಿದ. ಬರ್ನಿಯ ಕೋಳಿಕಾಲಿನ ಅಕ್ಷರ: *ಸೋಲ್‌ನ ಮಿರಿಯಮ್ ಇಲ್ಲ. ನಾನು ಮರೆತೆ. ಕ್ಷಮೆ ಕೇಳು.*

"ಇಲ್ಲ," ಎಂದ ಸೋಲ್. "ಹೇಳೋಕೆ ನಾನು ಬಿಡ್ಲಿಲ್ಲ."

ಅವನು ಗೋರಿಯ ಅಂಚಿಗೆ ಹೋದ. ಮಡಿಕೆ ಬಿಚ್ಚಿ, ಒಂದು ಪದವಿದ್ದ ಬದಿಯನ್ನು ಕೆಳಗೆ ಮಲಗಿದವನ ಕಡೆ ತಿರುಗಿಸಿ, ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತಿದ.

"ಅದೇನೋ ಅದು?" ಲೂಥರ್ ಕಣ್ಣು ಕಿರಿದಾಗಿಸಿದ. "ನಂಗೆ ಕಾಣಿಸ್ತಿಲ್ಲ."

"ನಿನ್ನ ಹೆಸರು. ಅವತ್ತು ಅದು ಜೋಕಲ್ಲ ಲೂಥರ್. ಅವನಿಗೆ ನಿಜವಾಗ್ಲೂ ಮರೆತಿತ್ತು. ಇದನ್ನ ನಾನೇ ಮುಚ್ಚಿಟ್ಟೆ."

ಸಲಿಕೆ ಹಿಡಿದವರು ನಿಂತರು.

ಹನ್ನೊಂದು ಸೆಕೆಂಡು ಕಳೆಯಿತು, ನಿಮಿಷ ಕಳೆಯಿತು. ಎಸ್ಟೆಲ್ ಬಂದು ತೋಳು ಮುಟ್ಟಿದಳು. ಸೋಲ್ ರಟ್ಟು ಇಳಿಸಲಿಲ್ಲ.