ಬೊಗಸೆಗೆ ಹುಯ್ದವರು

ದೊಡ್ಡಪ್ಪ ಅವತ್ತು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದ. ಇನ್ನೊಂದು ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಬಿದ್ದದ್ದು ಅವನಿಗೆ ತಿಳಿದೇ ಇರಲಿಲ್ಲ. ಅವನ ಪಾದಕ್ಕೆ ಈಗ ಬಿಸಿಯೂ ಗೊತ್ತಾಗುವುದಿಲ್ಲ, ತಂಪೂ ಗೊತ್ತಾಗುವುದಿಲ್ಲ. ಹೆಬ್ಬೆರಳಿಗೆ ಗಾಜು ಹೊಕ್ಕು ರಕ್ತ ಸುರಿಯುತ್ತಿದ್ದರೂ ಬಾಗಿಲಲ್ಲಿ ನಿಂತು ನಗುತ್ತಿದ್ದ.

"ಎಲ್ಗೋಗಿದ್ರಿ ಬಾವ?" ಅಂದಳು ಅವ್ವ.

"ಅರಮನೆಗೆ ಕಣವ್ವ. ಆನೆಗೆ ಬೆಲ್ಲ ತಿನ್ಸಿ ಬಂದೆ. ಬೀರನೂ ಬಂದಿದ್ದ."

ಬೀರ ಅಂದರೆ ಬೀರೇಶ. ನನ್ನ ಅಪ್ಪ. ಸತ್ತು ಇಪ್ಪತ್ತು ವರ್ಷವಾಯಿತು. ದೊಡ್ಡಪ್ಪನ ಹೆಸರು ಚೆಲುವಯ್ಯ. ಅಣ್ಣ ತಮ್ಮ ಇಬ್ಬರೂ ಮ್ಯಾನ್‌ಹೋಲಿಗೆ ಇಳಿಯುವ ಕೆಲಸ ಮಾಡಿದವರು. ಅದನ್ನು ಅವರು ಗುಂಡಿ ಅನ್ನುತ್ತಿದ್ದರು. ಊರಿನ ಮರ್ಯಾದಸ್ಥರು ಹೇತು, ನೀರು ಬಿಟ್ಟು, ಕೈ ತೊಳೆದು ಮರೆತದ್ದು ಒಳಗೆ ಕಟ್ಟಿಕೊಂಡಾಗ ಇವರು ಬರೀ ಚಡ್ಡಿಯಲ್ಲಿ ಇಳಿದು ಕೈಯಲ್ಲಿ ಬಾಚಿ ಎತ್ತುತ್ತಿದ್ದರು. ಸ್ವಚ್ಛ ನಗರ ಅಂತ ಬೋರ್ಡು ಹಾಕಿಕೊಂಡು ನಮ್ಮ ಮೈಸೂರು ಬೀಗುತ್ತದಲ್ಲ, ಬೀಗಲಿ.

ಅವ್ವ ಗಾಜು ತೆಗೆದು ಅರಿಶಿನ ಮೆತ್ತಿ ನೀರು ತಂದಳು. ದೊಡ್ಡಪ್ಪ ಲೋಟ ಮುಟ್ಟುವುದಿಲ್ಲ. ಕುಕ್ಕುರುಗಾಲಲ್ಲಿ ಕೂರುತ್ತಾನೆ, ತಲೆ ಬಗ್ಗಿಸುತ್ತಾನೆ, ಬಾಯಿ ಹತ್ತಿರ ಎರಡೂ ಕೈ ಸೇರಿಸಿ ಬೊಗಸೆ ಒಡ್ಡುತ್ತಾನೆ. ಅವ್ವ ಮೇಲಿನಿಂದ ಹುಯ್ಯುತ್ತಾಳೆ. ನಮ್ಮ ಮನೆಯಲ್ಲಿ ಏನು ಲೋಟಕ್ಕೆ ಬರವೇ? ಯಾಕವ್ವ ಹಿಂಗೆ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. "ಅಬ್ಯಾಸ, ಬುಡು" ಅಂತ ಮುಖ ತಿರುಗಿಸಿದ್ದಳು. ನಾನೂ ಅಭ್ಯಾಸ ಅಂತಲೇ ನಂಬಿದ್ದೆ.

ಅಪ್ಪ ಸತ್ತದ್ದು ರಾಮಕೃಷ್ಣನಗರದ ಒಂದು ಗುಂಡಿಯಲ್ಲಿ. ಮೇಲೆ ಹಗ್ಗ ಹಿಡಿದಿದ್ದವನು ದೊಡ್ಡಪ್ಪ. ಕೆಲಸ ಮಾಡಿಸುತ್ತಿದ್ದವನು ಪ್ರಭುಸ್ವಾಮಿ ಅನ್ನುವ ಕಂಟ್ರಾಕ್ಟರು. ಅವನ ಕಡೆಯವರು ಹೆಣವನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ದೂರದ ರಸ್ತೆಯ ಪಕ್ಕದ ಮೋರಿಯಲ್ಲಿ ಮಲಗಿಸಿದರು. 'ಕುಡಿದ ಅಮಲಿನಲ್ಲಿ ಮೋರಿಗೆ ಬಿದ್ದು ಸತ್ತ' ಅಂತ ಪೊಲೀಸರು ಬರೆದುಕೊಂಡರು. ಅವತ್ತೇ ದೊಡ್ಡಪ್ಪ ಎಲ್ಲವನ್ನೂ ಅವ್ವನ ಹತ್ತಿರ ಹೇಳಿ ತಲೆ ಚಚ್ಚಿಕೊಂಡು ಅತ್ತನಂತೆ. ಮಾರನೆಯ ದಿನ ಮತ್ತೆ ಅದೇ ಕಂಟ್ರಾಕ್ಟರನ ಕೆಲಸಕ್ಕೆ ಹೋದ. ಹೊಟ್ಟೆ ಕೇಳಬೇಕಲ್ಲ.

ಅವ್ವನಿಗೆ ಆ 'ಕುಡಿದ' ಅನ್ನುವ ಮಾತು ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು. "ನನ್ ಗಂಡ ಒಂದ್ ತೊಟ್ಟೂ ಕುಡ್ದೋನಲ್ಲ" ಅಂತ ಕಂಡಕಂಡವರ ಮುಂದೆ ಆಣೆ ಇಡುತ್ತಿದ್ದಳು. ನಂಬಿದವರು ಯಾರು? ನಮ್ಮ ಕೇರಿಯವರು ಕುಡಿಯುವುದಿಲ್ಲ ಅಂದರೆ ಈ ಊರಿಗೆ ನಗು ಬರುತ್ತದೆ.

ನಾನು ಬಿ.ಎ. ಓದಿ ಕೋರ್ಟಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಗುಂಡಿಯಲ್ಲಿ ಸತ್ತವರ ಮನೆಯವರು ಹಳೇ ಸಾವಿಗೂ ಪರಿಹಾರದ ಅರ್ಜಿ ಹಾಕಬಹುದು ಅಂತ ಅಲ್ಲಿಗೆ ಬರುವ ವಕೀಲರೊಬ್ಬರಿಂದ ತಿಳಿಯಿತು. ಹಾಕಿದೆ. ಅಲೆದಾಡಿಸಿ ಅಲೆದಾಡಿಸಿ ಕೊನೆಗೊಂದು ದಿನ ವಿಚಾರಣೆ ಅಂದರು.

ಪ್ರಭುಸ್ವಾಮಿ ಕಾರಿನಲ್ಲಿ ಬಂದ. ಎಪ್ಪತ್ತು ದಾಟಿದ ವಯಸ್ಸು, ಹಣೆ ತುಂಬ ವಿಭೂತಿ, ಗಂಜಿ ಹಾಕಿದ ಪಂಚೆ. ಪಕ್ಕದಲ್ಲಿ ಮಗ ಅಮರೇಶ. ಸಂಜೆಯಾದರೆ ಪ್ರಭುಸ್ವಾಮಿ ಕ್ಲಬ್ಬಿನಲ್ಲಿ ವಿಸ್ಕಿ ಇಳಿಸುವುದು ಊರಿಗೇ ಗೊತ್ತು. ಆದರೆ ದೊಡ್ಡವರು ಕುಡಿಯುತ್ತಾರೆ ಅನ್ನಬಾರದು. ದೊಡ್ಡವರು ಸ್ವಲ್ಪ ತಗೊಳ್ತಾರೆ, ಅಷ್ಟೇ.

"ಬೀರೇಶ್ ಅನ್ನೋ ಕೆಲಸಗಾರ ನಿಮ್ಮ ಹತ್ರ ಇದ್ನಾ, ಯಜಮಾನ್ರೇ?" ಅಂತ ಕೇಳಿದರು ವಿಚಾರಣೆ ಅಧಿಕಾರಿ ವಾಗೀಶ.

"ಬೀರೇಶ? ಯಾವ ಬೀರೇಶ? ನೆನಪಿಲ್ವಲ್ಲ. ಮನುಷ್ಯರನ್ನ ಗುಂಡಿಗೆ ಇಳಿಸೋ ಪಾಪದ ಕೆಲಸ ನಾನು ಮಾಡಿಸ್ದೋನೇ ಅಲ್ಲ."

"ಅಪ್ಪಾಜಿಗೆ ವಯಸ್ಸಾಯ್ತು ಸಾರ್, ಹೆಸರು ಮರ್ತ್‌ಹೋಗುತ್ತೆ" ಅಂದ ಅಮರೇಶ.

"ಆಗುತ್ತೆ, ಆಗುತ್ತೆ. ನಮ್ಮ ತಂದೆಯವರಿಗೂ ಹಾಗೇ." ವಾಗೀಶ ಮೃದುವಾಗಿ ನಕ್ಕು ಕಾಫಿ ತರಿಸಿದರು.

ಆಮೇಲೆ ದೊಡ್ಡಪ್ಪನನ್ನು ಕರೆದರು. ಅವನಿಗೆ ಕುರ್ಚಿ ಇರಲಿಲ್ಲ.

"ಏನಯ್ಯಾ, ನಿನ್ನ ತಮ್ಮ ಎಲ್ಲಿ ಸತ್ತಿದ್ದು?"

"ಎಲ್ ಸತ್ತವ್ನೆ ಸ್ವಾಮಿ? ಬೆಳಗ್ಗೆ ನನ್ ಜೊತೇಲೇ ಬೆಟ್ಟ ಅತ್ತುದ್ನಲ್ಲ. ತಾಯಿ ಚಾಮುಂಡಿಗೆ ಕಾಯಿ ಒಡುಸ್ದೊ. ಕಳ್ಳೆಪುರಿ ತಕ್ಕೊಟ್ಟ."

ಅಮರೇಶ ಕಿಸಕ್ಕನೆ ನಕ್ಕ. ವಾಗೀಶ ಪೆನ್ನು ಕೆಳಗಿಟ್ಟರು. "ಕುಡಿದು ಕುಡಿದು ತಲೆ ಹಾಳು ಮಾಡ್ಕೊಂಡಿದಾನೆ. ಇವನ ಮಾತನ್ನ ಸಾಕ್ಷಿ ಅಂತ ಬರ್ಕೊಳ್ಳೋದಾ? ಡಾಕ್ಟರ್ ಹತ್ರ ತೋರ್ಸಿ, ಬರೆಸ್ಕೊಂಡು ಬನ್ನಿ."

ಒಂದೇ ಕಚೇರಿ, ಒಂದೇ ಮರೆವು. ಉಳ್ಳವನ ಮರೆವಿಗೆ ವಯಸ್ಸು ಅಂತ ಹೆಸರು, ಕಾಫಿ ಬೇರೆ. ನಮ್ಮವನದಕ್ಕೆ ಕುಡಿತ ಅಂತ ಹೆಸರು. ನಾನು ದೊಡ್ಡಪ್ಪನ ಕೈ ಹಿಡಿದುಕೊಂಡು ಹೊರಗೆ ಬಂದೆ. ಮೆಟ್ಟಿಲ ಮೇಲೆ ಅವನು "ಮದ್ವೆ ಊಟ ಚೆನ್ನಾಗಿತ್ತು ಕಣ್ ಮಗ" ಅಂದ.

ಡಾಕ್ಟರ್ ಮಾಲವಿಕಾ ಒಳ್ಳೆಯ ಹೆಂಗಸು. ಮಾವು, ಕುರ್ಚಿ, ನೀಲಿ ಅನ್ನುವ ಮಾತುಗಳನ್ನು ಹೇಳಿ ನೆನಪಿಟ್ಟುಕೊಳ್ಳಿ ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ದೊಡ್ಡಪ್ಪ, "ನೀವು ಇಲವಾಲದೋರಲ್ವ? ನಿಮ್ ಬಾವಿ ನಾನೇ ತೋಡುದ್ದು" ಅಂದ.

"ಎಷ್ಟು ವರ್ಷದಿಂದ ಕುಡೀತಿದ್ರು?" ಅಂತ ನನ್ನನ್ನು ಕೇಳಿದರು.

"ಗುಂಡಿ ಕೆಲಸಕ್ಕೆ ಸೇರ್ದಾಗಿಂದ ಮೇಡಂ. ಈಗ ಬಿಟ್ಟು ಎರಡು ವರ್ಷ ಆಯ್ತು. ಆದ್ರೂ ನೆನಪು ವಾಪಸ್ ಬರ್ಲಿಲ್ಲ. ಸುಳ್ಳು ಬೇರೆ ಹೇಳ್ತಾನೆ."

"ಸುಳ್ಳಲ್ಲಮ್ಮ ಅದು. ಹೊಟ್ಟೆಗೆ ಸರಿಯಾಗಿ ಊಟ ಇಲ್ದೆ ವರ್ಷಗಟ್ಲೆ ಕುಡಿದ್ರೆ ಮೆದುಳಲ್ಲಿ ನೆನಪಿನ ಜಾಗಾನೇ ಸೊರಗಿಹೋಗುತ್ತೆ. ಮೇಲೆ ವಯಸ್ಸು ಸೇರ್ಕೊಂಡ್ರೆ ಇನ್ನೂ ಕಷ್ಟ. ಖಾಲಿ ಇರೋ ಕಡೆ ಮೆದುಳು ತಾನೇ ಏನೋ ಒಂದು ಕತೆ ತುಂಬುತ್ತೆ. ಅವರಿಗೆ ಅದೇ ನಿಜ." ದೊಡ್ಡಪ್ಪನ ಮರಗಟ್ಟಿದ ಪಾದವನ್ನು ಒತ್ತಿ ನೋಡುತ್ತಾ ಮತ್ತೆ ಅಂದರು: "ಒಂದು ವಿಷಯ. ಕೈಕಾಲು ಕಲಿತ ಕೆಲಸ ಇರುತ್ತಲ್ಲ, ಅದು ಬೇರೆ ಕಡೆ ಕೂತಿರುತ್ತೆ. ಅದು ಅಷ್ಟು ಸುಲಭವಾಗಿ ಅಳಿಸಿಹೋಗಲ್ಲ."

ಇದನ್ನೆಲ್ಲ ಬರೆದೂ ಕೊಟ್ಟರು. ಮುಂದಿನ ಸಲ ಅಮರೇಶನ ವಕೀಲ ಅದರಲ್ಲಿ ತನಗೆ ಬೇಕಾದ ಒಂದು ಸಾಲನ್ನು ಮಾತ್ರ ಜೋರಾಗಿ ಓದಿದ. 'ಈತನ ನೆನಪನ್ನು ನಂಬಲಾಗದು.' ನಾವೇ ಕೋಲು ಕೊಟ್ಟು ಹೊಡೆಸಿಕೊಂಡಂತಾಯಿತು.

ಇನ್ನು ಉಳಿದದ್ದು ಸ್ಥಳ ಮಹಜರು ಒಂದೇ. ದೊಡ್ಡಪ್ಪನ ಜೊತೆ ಗುಂಡಿ ಇಳಿದಿದ್ದ ಮುದುಕರು ಕೇರಿಯಲ್ಲಿ ಇನ್ನೂ ನಾಕಾರು ಜನ ಇದ್ದಾರೆ. ಅವ್ವ ಒಬ್ಬೊಬ್ಬರ ಬಾಗಿಲಿಗೂ ಹೋದಳು.

"ನಾವ್ ಗುಂಡಿ ಇಳೀತಿದ್ದೋರು ಅಂತ ಎಂಗಮ್ಮ ಯೇಳದು? ಮೊಮ್ಮಗ್ಳಿಗೆ ಗಂಡು ನೋಡ್ತಾವ್ರೆ" ಅಂದ ಒಬ್ಬ.

"ಕುಡೀತಿದ್ರಾ ಅಂತ ಕೇಳ್ತಾರೆ. ಮಾನ ಓಯ್ತದೆ" ಅಂದ ಇನ್ನೊಬ್ಬ.

ಮಾನವಂತೆ! ಜೀವಮಾನವಿಡೀ ಪರರ ಹೊಲಸು ಹೊತ್ತವರಿಗೆ ಮಾನದ ಭಯ. ಹೊರಿಸಿದವರಿಗೆ ಆ ಭಯವಿಲ್ಲ. ನನಗೆ ಅವತ್ತು ನಮ್ಮವರ ಮೇಲೂ ಸಿಟ್ಟು ಬಂತು.

ಮಹಜರಿನ ದಿನ ಬಿಸಿಲು ಚುರುಗುಟ್ಟುತ್ತಿತ್ತು. ರಾಮಕೃಷ್ಣನಗರದ ಆ ರಸ್ತೆಯಲ್ಲಿ ದೊಡ್ಡ ದೊಡ್ಡ ಮನೆಗಳು, ಗೇಟಿಗೆ ನಾಯಿಯ ಬೋರ್ಡು. ಮುದುಕರು ಬಂದಿದ್ದರು, ಆದರೆ ದೂರದ ಹೊಂಗೆ ಮರದ ಕೆಳಗೆ, ನಮಗೂ ಇದಕ್ಕೂ ಸಂಬಂಧವಿಲ್ಲ ಅನ್ನುವಂತೆ ನಿಂತಿದ್ದರು. ಪ್ರಭುಸ್ವಾಮಿಗೆ ಕಾಂಪೌಂಡಿನ ನೆರಳಲ್ಲಿ ಕುರ್ಚಿ ಹಾಕಿದ್ದರು. ಬಿಸಿಲೆಂದು ಮಗ ನೀರಿನ ಬಾಟಲಿಯನ್ನು ಕೈಗೆ ಕೊಟ್ಟಿದ್ದ.

ದೊಡ್ಡಪ್ಪ ಎಂದಿನಂತೆ ಏನೇನೋ ಹೇಳುತ್ತಿದ್ದ. ಈ ರಸ್ತೆಯಲ್ಲಿ ತನ್ನ ಅತ್ತೆಮನೆ ಇತ್ತಂತೆ. ವಾಗೀಶ ಗಡಿಯಾರ ನೋಡಿಕೊಂಡು "ಮುಚ್ಚಳ ತೆಗೀರಪ್ಪ, ನೋಡಿದ ಶಾಸ್ತ್ರ ಮಾಡಿ ಹೋಗೋಣ" ಅಂದರು.

ಹಾರೆ ಹಾಕಿ ಮುಚ್ಚಳ ಎತ್ತಿದರು. ನಾತ ಮೇಲೆದ್ದಿತು. ಮಹಡಿಯಲ್ಲಿ ನಿಂತು ನೋಡುತ್ತಿದ್ದವರೊಬ್ಬರು ಥೂ ಅಂತ ಕಿಟಕಿ ಹಾಕಿಕೊಂಡರು, ಒಳಗಿರುವುದು ತಮ್ಮದಲ್ಲವೇನೋ ಅನ್ನುವ ಹಾಗೆ.

ದೊಡ್ಡಪ್ಪನ ಮಾತು ನಿಂತಿತು. ಅಂಗಿ ಬಿಚ್ಚಿದ. ಮಡಿಸಿ ಕಾಂಪೌಂಡಿನ ಮೇಲಿಟ್ಟ. ಲುಂಗಿ ಎತ್ತಿ ಬಿಗಿಯಾಗಿ ಕಟ್ಟಿಕೊಂಡ. ನಾನು ಹೆದರಿ ಅವನ ಕೈ ಹಿಡಿಯಲು ಹೋದೆ. ಅವನು ಗುಂಡಿಯ ಕಡೆಗೆ ಹೋಗಲಿಲ್ಲ. ನೆಟ್ಟಗೆ ಪ್ರಭುಸ್ವಾಮಿಯ ಮುಂದೆ ಹೋಗಿ ಕುಕ್ಕುರುಗಾಲಲ್ಲಿ ಕೂತ. ತಲೆ ಬಗ್ಗಿಸಿದ. ಬೊಗಸೆ ಒಡ್ಡಿದ.

ಪ್ರಭುಸ್ವಾಮಿ ಕೆಳಗೆ ಬಗ್ಗಿದ್ದ ಆ ಬೋಳುತಲೆಯನ್ನು ನೋಡಿದ. ಆಮೇಲೆ ಎದ್ದು ನಿಂತ. ಎಡಗೈಯಲ್ಲಿ ಪಂಚೆಯ ಅಂಚನ್ನು ಮೇಲೆತ್ತಿ ಹಿಡಿದ, ಹನಿ ಸಿಡಿದು ಮೈಲಿಗೆ ಆಗಬಾರದಲ್ಲ, ಅದಕ್ಕೆ. ಬಲಗೈಯಲ್ಲಿ ಬಾಟಲಿ ಓರೆ ಮಾಡಿ ಮೇಲಿನಿಂದ ಹುಯ್ಯತೊಡಗಿದ. ಒಂದು ಹನಿಯೂ ಬೊಗಸೆಯ ಆಚೆ ಬೀಳಲಿಲ್ಲ.

"ಕಣ್ಮುಚ್ಕೊಂಡು ಕುಡಿದ್ಬಿಡೋ ಚೆಲುವ. ಮೇಲಕ್ ಬಂದ್ಮೇಲೆ ಇನ್ನೊಂದು ಬೊಗ್ಸೆ ಕೊಡ್ತೀನಿ." ಹಾಗೇ ಪಕ್ಕಕ್ಕೆ ತಿರುಗಿ ಗದರಿದ: "ಎಲ್ಲೋ ಬೀರ? ಕರಿ ಅವನ್ನ. ಅವನ್ಗೂ ಹುಯ್ಬೇಕು."

ನಾತ ತಡೆಯಲು ಕುಡಿಸುವ ಸಾರಾಯಿಯ ಪ್ಯಾಕೆಟ್ಟನ್ನು ಕೈಗೇ ಕೊಟ್ಟರೆ ಮನೆಗೆ ಒಯ್ದುಬಿಡುತ್ತಾರೆ ಅಂತ ಬಾಟಲಿಗೆ ಸುರಿದಿಟ್ಟುಕೊಂಡು, ಲೋಟ ಮುಟ್ಟಿಸದೆ, ಗುಂಡಿಯ ಬಾಯಿಯಲ್ಲೇ ಹುಯ್ದು ಇಳಿಸುತ್ತಿದ್ದದ್ದು ಹೀಗೆ. ನಮ್ಮ ಮನೆಯ 'ಅಬ್ಯಾಸ' ಎಲ್ಲಿಂದ ಬಂತು ಅಂತ ನನಗೆ ಅವತ್ತು ತಿಳಿಯಿತು. ಕುಡಿತ, ವಯಸ್ಸು ಎರಡೂ ಸೇರಿ ಇಬ್ಬರು ಮುದುಕರ ತಲೆಯನ್ನೂ ತಿಂದು ಮುಗಿಸಿದ್ದವು. ತಿನ್ನಲಾಗದೆ ಬಿಟ್ಟದ್ದು ಇದೊಂದನ್ನೇ.

ದೊಡ್ಡಪ್ಪ ಬಾಯಲ್ಲಿದ್ದುದನ್ನು ಉಗಿದ.

"ಇದು ನೀರ್ ಕಣ್ ಬುದ್ದಿ. ನೀರ್ ಕುಡ್ದು ಇಳಿಯಕ್ಕಾಯ್ತದಾ?" ಆಮೇಲೆ ಗುಂಡಿಯ ಕಡೆ ತಿರುಗಿ ನೋಡಿದ. "ಬೀರ ಆಗ್ಲೇ ಇಳ್ದವ್ನೆ ಬುದ್ದಿ. ಇನ್ನೂ ಮೇಲಕ್ ಅತ್ತಿಲ್ಲ."

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಅಮರೇಶ ಓಡಿಬಂದು ಬಾಟಲಿ ಕಿತ್ತುಕೊಂಡ. "ಸಾರ್, ಇದನ್ನೆಲ್ಲ ತಗೋಬೇಡಿ. ಅಪ್ಪಾಜಿಗೆ ಬುದ್ಧಿ ಸ್ಥಿಮಿತ ಇಲ್ಲ. ಅವರು ಏನು ಹೇಳ್ತಾರೋ ಅವರಿಗೇ ಗೊತ್ತಿರಲ್ಲ."

ನೋಡಿ, ಹೋದ ತಿಂಗಳು ಬರೀ ವಯಸ್ಸಾಗಿದ್ದ ಅಪ್ಪ ಈಗ ಬುದ್ಧಿ ಸ್ಥಿಮಿತವಿಲ್ಲದವನಾದ. ತಮ್ಮ ಗಂಟು ಉಳಿಯುವುದಾದರೆ ಹೆತ್ತವನಿಗೇ ಹುಚ್ಚು ಕಟ್ಟುವ ಜನ.

ವಾಗೀಶ ಅವ್ವನ ಕಡೆ ತಿರುಗಿದರು. "ಹೌದಮ್ಮ. ಇಬ್ಬರಿಗೂ ನೆನಪು ಸರಿ ಇಲ್ಲ. ಇದನ್ನ ಬರ್ಕೊಳ್ಳಕ್ಕೆ ಬರಲ್ಲ."

ಆಗ ಹೊಂಗೆ ಮರದ ಕೆಳಗಿನಿಂದ ಒಬ್ಬ ಮುದುಕ ಎದ್ದು ಬಂದ. ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರೆ ಅಂದವನೇ. ಅಂಗಿ ಬಿಚ್ಚಿ ದೊಡ್ಡಪ್ಪನ ಪಕ್ಕ ಕೂತು ಬೊಗಸೆ ಒಡ್ಡಿದ. "ನಂಗೂ ಉಯ್ಯಿ ಬುದ್ದಿ" ಅಂದ. ಅದು ಬೇಡುವ ದನಿಯಾಗಿರಲಿಲ್ಲ. ಅವನ ಹಿಂದೆ ಇನ್ನೊಬ್ಬ ಬಂದ, ಆಮೇಲೆ ಉಳಿದವರೂ ಬಂದರು. "ನಂಗೂ ಉಯ್ಯಿ. ಮರ್ತೋದ್ಯಾ? ನಂಗೂ ಉಯ್ಯಿ." ಸಾಲಾಗಿ ಕೂತರು. ಬೆರಳು ಕೊಳೆತ, ಉಗುರಿಲ್ಲದ ಕೈಗಳು. ಪ್ರಭುಸ್ವಾಮಿ ಬರಿಗೈಯನ್ನು ಓರೆ ಮಾಡಿಕೊಂಡು ಒಂದೊಂದು ಬೊಗಸೆಗೂ ಹುಯ್ಯುತ್ತಾ ಹೋದ. ಮಗ ಎಳೆದರೂ ನಿಲ್ಲಿಸಲಿಲ್ಲ.

"ಇವರ್ಗೆಲ್ಲ ನೆನಪು ಸರ್ಯಾಗೇ ಅದೆ ಸ್ವಾಮಿ" ಅಂದಳು ಅವ್ವ.

ಅಮರೇಶ ಹಲ್ಲು ಕಡಿದ. "ಕುಡುಕರ ಸಾಕ್ಷಿ! ಸಾರ್, ಈಯಮ್ಮನೇ ತನ್ನ ಗಂಡ ತೊಟ್ಟೂ ಕುಡೀತಿರ್ಲಿಲ್ಲ ಅಂತ ಬರ್ಕೊಟ್ಟಿದಾಳೆ. ಈಗ ಏನು ಹೇಳ್ತಾಳೆ ಕೇಳಿ."

ಅವ್ವ ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಮಾತು ಅದು. ಅದನ್ನು ಬಿಡುವುದು ಅವಳಿಗೆ ಅಪ್ಪನನ್ನು ಎರಡನೇ ಸಲ ಮಣ್ಣು ಮಾಡಿದ ಹಾಗೆ. ಸೆರಗಿನಿಂದ ಮುಖ ಒರೆಸಿಕೊಂಡು ವಾಗೀಶರ ಮುಂದೆ ಹೋಗಿ ನಿಂತಳು.

"ಸುಳ್ ಯೇಳಿದ್ದೆ ಸ್ವಾಮಿ. ನನ್ ಗಂಡ ಕುಡ್ದಿದ್ದ. ದಿನಾ ಕುಡೀತಿದ್ದ. ಬರ್ಕೊಳಿ."

ವಾಗೀಶ ಬರೆದುಕೊಂಡರು. ಅದನ್ನು ಬರೆಯಲು ಅವರಿಗೆ ಏನೂ ತಡವಾಗಲಿಲ್ಲ. ಬರೆದು ಪೆನ್ನಿನ ಮುಚ್ಚಳ ಹಾಕಹೊರಟರು.

ಅವ್ವ ಆ ಕೈ ಹಿಡಿದುಕೊಂಡಳು. ಮುಟ್ಟಬಾರದ ಕೈ ಮುಟ್ಟಿದಂತೆ ಅವರು ಬೆಚ್ಚಿದರು. ಅವಳು ಬಿಡಲಿಲ್ಲ.

"ಮುಚ್ಬೇಡಿ. ಅದ್ರ ಕೆಳಗೆ ಉಯ್ದೋನ ಎಸ್ರೂ ಬರ್ಕೊಳಿ."

ಸಾಲಾಗಿ ಕೂತ ಮುದುಕರು ಬೊಗಸೆ ಇಳಿಸಲಿಲ್ಲ. ಗುಂಡಿಯ ಬಾಯಿ ತೆರೆದೇ ಇತ್ತು. ಹಾರೆ ಹಿಡಿದವನು ಮುಚ್ಚಳದ ಹತ್ತಿರ ಬಂದಾಗ ನಾನು ಹೋಗಿ ಅದರ ಮೇಲೆ ಕೂತೆ.