ಹೋಗಬೇಕು, ಹೋಗಬಾರದು

ಸತ್ತವನ ಪಾದಕ್ಕೆ ಹಂಚಿಕಡ್ಡಿ ಒತ್ತಿ ಹಿಡಿದು ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿದ ಮಹಾಲಿಂಗಯ್ಯ, ಇನ್ನೊಂದು ಸಲ ಹಿಡಿದು ನೋಡಿದ. ಕೂದಲೆಳೆಯಷ್ಟು ಉದ್ದವಾಯಿತು ಅನ್ನಿಸಿ ಉಗುರಿನಲ್ಲಿ ಚಿವುಟಿದ.

“ಸಾಕು ಬುಡಣ್ಣ. ಗುಂಡಿಗೆ ಅಳ್ತೆ ತಗೀತಿರೋದು, ಗಡಿಯಾರಕ್ಕಲ್ಲ,” ಎಂದ ಅಂಜಿನಪ್ಪ. ಅವನೂ ಒಂದು ಕಾಲಕ್ಕೆ ಮಹಾಲಿಂಗಯ್ಯ, ಸತ್ತ ಗುರುಸಿದ್ದಯ್ಯ ಇಬ್ಬರ ಜೊತೆ ತುಮಕೂರಿನ ಸಾವ್ಕಾರ ವೆಂಕಟರಂಗಯ್ಯನ ಷೆಡ್ಡಿನಲ್ಲಿ ಲೇತ್ ತಿರುಗಿಸಿದವನು.

ಗುರುಸಿದ್ದಯ್ಯನನ್ನು ಜಗುಲಿಯ ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಹಣೆ, ತೋಳು, ಎದೆಯೆಲ್ಲ ವಿಭೂತಿ. ಅವರಲ್ಲಿ ಸತ್ತವನನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಗುಂಡಿ ಅವನ ಪಾದದಲ್ಲೇ ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಒಳಗಿನ ಗೋಡೆಯಲ್ಲಿ ಕೂರುವುದಕ್ಕೊಂದು ಗೂಡು. ಅಳತೆ ತೆಗೆಯುವ ಕೆಲಸ ಮಹಾಲಿಂಗಯ್ಯನಿಗೇ ಬಂದಿತ್ತು. ತುಮಕೂರಿನಿಂದ ಬೆಳಗಿನ ರೈಲಿಗೆ ಗುಬ್ಬಿಗೆ ಬಂದಿಳಿದವನನ್ನು ನೋಡುತ್ತಲೇ ಸತ್ತವನ ಮಗ ಗಂಗಾಧರ, “ಅಳ್ತೆ ವಿಷ್ಯ ನಿಮಗಿಂತ ಯಾರಿಗೆ ಗೊತ್ತು ದೊಡ್ಡಪ್ಪ,” ಅಂದಿದ್ದ.

“ಸಿಲೋನಿಗೆ ನಮ್ ಮಿಲ್ಟ್ರಿ ಹೋಗೈತಂತಲ್ಲ,” ಎಂದು ಅಂಜಿನಪ್ಪ ಬೀಡಿ ಹಚ್ಚಿದ. “ಶಿರಾ ಗೇಟ್‌ನಾಗೆ ನಮ್ ಹಳೇ ಸಾವ್ಕಾರ್ರು ಮತ್ತೆ ಮೂರು ಶಿಫ್ಟು ಮಾಡವ್ರೆ. ಯಾರ ಮನೇಲಿ ಹೆಣವೋ, ಯಾರ ಮನೇಲಿ ಹೋಳಿಗೆಯೋ.”

“ಇಲ್ಲಿಗೊಂದು ಹಾರ ಕಳ್ಸಕ್ಕೆ ಆಗ್ಲಿಲ್ವಾ ಅವ್ರಿಗೆ?” ಎಂದ ಗಂಗಾಧರ.

“ಕೆಲ್ಸದಿಂದ ತೆಗೆದೋನಿಗೆ ಹಾರ ಕಳಿಸ್ತಾರೇನ್ಲಾ?”

ಮಹಾಲಿಂಗಯ್ಯ ಕಡ್ಡಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

*

ಎಪ್ಪತ್ತೊಂದರಲ್ಲಿ ವೆಂಕಟರಂಗಯ್ಯನ ಷೆಡ್ಡಿನಲ್ಲಿ ಪಂಪ್‌ಸೆಟ್ಟಿನ ಬುಷ್ಷು, ಸೈಕಲ್ಲಿನ ನಟ್ಟು ಆಗುತ್ತಿದ್ದವು. ಯುದ್ಧದ ಸುದ್ದಿ ಹಬ್ಬುತ್ತಲೇ ಬೆರಳುದ್ದದ ಉಕ್ಕಿನ ಪಿನ್ನಿಗೆ ಆರ್ಡರು ಬಂತು. ಏತಕ್ಕೆ ಅಂತ ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಅದು ಕೈಬಾಂಬಿನ ಪಿನ್ನು ಅನ್ನುವುದು ಎದುರಿನ ಟೀ ಅಂಗಡಿಯ ರಂಗಮ್ಮನಿಗೂ ಗೊತ್ತಿತ್ತು ಬಿಡಿ.

ಪಿನ್ನು ನೋಡಿ ಪಾಸು ಮಾಡುವವರು ಇಬ್ಬರೇ, ಗುರುಸಿದ್ದಯ್ಯ ಮತ್ತು ಮಹಾಲಿಂಗಯ್ಯ. ಇಬ್ಬರ ಮೈಕಟ್ಟೂ ಒಂದೇ. ಒಬ್ಬರ ಖಾಕಿ ಅಂಗಿ ಇನ್ನೊಬ್ಬರು ತೊಟ್ಟರೂ ಗೊತ್ತಾಗುತ್ತಿರಲಿಲ್ಲ. ಕೈಯಲ್ಲಿ ಎರಡು ಬಾಯಿಯ ಗೇಜು. ಒಂದು ಬಾಯಲ್ಲಿ ಪಿನ್ನು ಹೋಗಬೇಕು, ಇನ್ನೊಂದರಲ್ಲಿ ಹೋಗಬಾರದು. ಎರಡರಲ್ಲೂ ನುಗ್ಗಿದರೆ ಪಿನ್ನು ತೆಳ್ಳಗಾಗಿದೆ ಅಂತ ಲೆಕ್ಕ. ಇಂಗ್ಲಿಷಿನ ಹೆಸರು ಯಾರ ಬಾಯಿಗೂ ಹತ್ತದೆ, ಷೆಡ್ಡಿನಲ್ಲಿ ಆ ಬಾಯಿಗಳ ಹೆಸರೇ ‘ಹೋಗ್ಬೇಕು’, ‘ಹೋಗ್ಬಾರ್ದು’ ಆಗಿತ್ತು. ಸರಿಯಿದ್ದ ಪೆಟ್ಟಿಗೆಗೆ ನೋಡಿದವನ ನಂಬರಿನ ಮುದ್ರೆ. ಕೆಟ್ಟದ್ದಕ್ಕೆ ಕೆಂಪು ಬಣ್ಣದ ಪಟ್ಟೆ.

ಹದಿಮೂರೇ ದಿನಕ್ಕೆ ಯುದ್ಧ ಮುಗಿದ ಸುದ್ದಿ ರೇಡಿಯೋದಲ್ಲಿ ಬಂದಾಗ ತುಮಕೂರಿನ ಬೀದಿಬೀದಿಯಲ್ಲಿ ಪಟಾಕಿ ಹಾರಿದವು. ಷೆಡ್ಡಿನಲ್ಲಿ ಮಾತ್ರ ಸೂತಕ. “ಇನ್ನೊಂದು ತಿಂಗ್ಳು ನಡೆದಿದ್ರೆ ಮನೆಗೆ ತಾರಸಿ ಬೀಳ್ತಿತ್ತು,” ಎಂದು ಒಬ್ಬ ಬಾಯಿಬಿಟ್ಟೇ ಅಂದ. ಹಾಗೆ ಅಂದವನು ಮಹಾಲಿಂಗಯ್ಯನೇ.

ಅದೇ ವಾರ ಲೇತಿನ ಸೆಟ್ಟಿಂಗು ತಪ್ಪಿ ನಾಲ್ಕು ಪೆಟ್ಟಿಗೆ ಪಿನ್ನು ತೆಳ್ಳಗೆ ಬಂದವು. ಗುರುಸಿದ್ದಯ್ಯ ನಾಲ್ಕಕ್ಕೂ ಕೆಂಪು ಬಳಿದು, ತಾಯಿಯ ಹರಕೆ ತೀರಿಸಲು ಯಡಿಯೂರಿಗೆ ಹೋದ. ಮಧ್ಯಾಹ್ನ ವೆಂಕಟರಂಗಯ್ಯ ಬಂದು ಮಹಾಲಿಂಗಯ್ಯನ ಹೆಗಲ ಮೇಲೆ ಕೈಯಿಟ್ಟ.

“ಇವತ್ತು ಲಾರಿ ಹೋಗ್ಲಿಲ್ಲ ಅಂದ್ರೆ ಆರ್ಡರೇ ಕ್ಯಾನ್ಸಲ್ಲು ಕಣಯ್ಯ. ಯುದ್ಧ ಮುಗೀತಲ್ಲ, ಇನ್ನು ಇವು ಯಾರ ಕೈಗೆ ಸಿಗ್ತವೆ? ಉಗ್ರಾಣದಲ್ಲಿ ಬಿದ್ದು ತುಕ್ಕು ಹಿಡೀತವೆ ಅಷ್ಟೇ. ನಿನ್ ತಾರಸಿಗೆ ಸಿಮೆಂಟು ಬೇಕು ಅಂದಿದ್ದಲ್ಲ?”

ಸಿಮೆಂಟು ಪರ್ಮಿಟ್ಟಿಲ್ಲದೆ ಒಂದು ಬೊಗಸೆಯೂ ಸಿಗದ ಕಾಲ. ಮಹಾಲಿಂಗಯ್ಯ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ನಾಲ್ಕು ಪಟ್ಟೆಗಳನ್ನೂ ಒರೆಸಿದ. ರಿಜಿಸ್ಟರಿನಲ್ಲಿ ಆ ನಾಲ್ಕು ಪೆಟ್ಟಿಗೆಯ ಲಾಟು ಗೆಳೆಯನ ಹೆಸರಿನಲ್ಲಿತ್ತು, ಅದಕ್ಕೇ ಗೆಳೆಯನ ಮುದ್ರೆಯನ್ನೇ ಒತ್ತಿದ.

*

ಹೆಣದ ಮುಂದೆ ಕೂತಿದ್ದ ಸಿದ್ದಲಕ್ಷ್ಮಮ್ಮ ಅಳುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಮಹಾಲಿಂಗಯ್ಯನನ್ನು ಹತ್ತಿರ ಕರೆದಳು.

“ಅಣ್ಣಾ, ಪ್ರಾಣ ಹೋಗೋ ಮುಂಚೆನೂ ಅದನ್ನೇ ಕೇಳಿದ್ರು. ನಾನು ಕೆಂಪು ಬಳಿದಿದ್ನಾ ಇಲ್ವಾ ಅಂತ.”

ಎಪ್ಪತ್ತನಾಲ್ಕರಲ್ಲಿ ಉತ್ತರದ ಎಲ್ಲೋ ಒಂದು ಅಭ್ಯಾಸದ ಮೈದಾನದಲ್ಲಿ ಬಾಂಬುಗಳ ಪಿನ್ನು ತಾನಾಗೇ ಜಾರಿ, ಎಸೆಯುವ ಮೊದಲೇ ಕೈಯಲ್ಲೇ ಸಿಡಿದು ಮೂವರು ಹುಡುಗರು ಸತ್ತರೆಂದು ಷೆಡ್ಡಿಗೆ ಕಾಗದ ಬಂದಿತ್ತು. ಅದರಲ್ಲಿ ಗುರುಸಿದ್ದಯ್ಯನ ಮುದ್ರೆಯ ನಂಬರಿತ್ತು. ಕೆಂಪು ಬಳಿದಿದ್ದೆ ಎಂದು ಅವನು ಮೊದಲು ಕೂಗಾಡಿದ. ಆಮೇಲೆ, ನಿದ್ದೆಗೆಟ್ಟ ದಿನಗಳು ಅವು, ಬಳಿದೆ ಅಂದುಕೊಂಡೆನೋ ಏನೋ, ಎಂದು ತನ್ನನ್ನೇ ಅನುಮಾನಿಸಿದ. ಕೆಲಸ ಹೋಯಿತು. ಗುಬ್ಬಿಯ ಹಿಟ್ಟಿನ ಗಿರಣಿಗೆ ಸೇರಿ ಹದಿಮೂರು ವರ್ಷ ರಾಗಿಹಿಟ್ಟಿನ ದೂಳು ಕುಡಿದ. ಮಹಾಲಿಂಗಯ್ಯ ಸಿಕ್ಕಾಗಲೆಲ್ಲ ಅದೇ ಪ್ರಶ್ನೆ: “ನಿಂಗಾದ್ರೂ ಗ್ಯಾಪ್ಕ ಐತೇನೋ?” ಇವನದ್ದೂ ಅದೇ ಉತ್ತರ: “ಇಲ್ಲ ಕಣೋ.”

“ಕಿವೀಲಿ ಹೇಳ್ಬುಡಿ ಅಣ್ಣಾ,” ಎಂದಳು ಸಿದ್ದಲಕ್ಷ್ಮಮ್ಮ. “ನೀನು ಬಳಿದಿದ್ದೆ ಅಂತ. ಸುಳ್ಳಾದ್ರೂ ಆಗ್ಲಿ. ನೆಮ್ಮದಿಯಾಗಿ ಹೋಗ್ಲಿ ಜೀವ.”

ಮಹಾಲಿಂಗಯ್ಯ ಬಾಗಿದ. ವಿಭೂತಿಯ ವಾಸನೆ ಮೂಗಿಗೆ ಹೊಡೆಯಿತು. “ನೀನು ಬಳಿದಿದ್ದೆ ಕಣೋ ಗುರುಸಿದ್ದ. ನಾಲ್ಕಕ್ಕೂ ಬಳಿದಿದ್ದೆ.”

ಸಿದ್ದಲಕ್ಷ್ಮಮ್ಮ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ದೊಡ್ಡ ಮನ್ಸು ನಿಮ್ದು,” ಎಂದಳು. ಕಪಾಳಕ್ಕೆ ಬಾರಿಸಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

*

ಹೊಲದ ಅಂಚಿನಲ್ಲಿ ಚಿಕ್ಕಬೋರಯ್ಯ ಗುಂಡಿ ತೋಡಿ ಮುಗಿಸಿದ್ದ. ಕಡ್ಡಿಯಿಂದ ಒಂಬತ್ತು, ಐದು ಅಳೆದು ನೋಡಿದ್ದಾಯಿತು. ಗೂಡು ಮಾತ್ರ ಮೇಲಿನಿಂದ ಇಕ್ಕಟ್ಟಾಗಿ ಕಂಡಿತು.

“ನಾನೇ ಕೂತು ನೋಡ್ತೀನಿ,” ಎಂದ ಮಹಾಲಿಂಗಯ್ಯ. “ನಮ್ಮಿಬ್ಬರದೂ ಒಂದೇ ಅಳ್ತೆ.”

“ಬದುಕಿರೋನು ಗೂಡಲ್ಲಿ ಕೂರ್ತಾನೇನಯ್ಯ? ಅಪಶಕುನ,” ಎಂದು ಪೂಜೆಗೆ ಬಂದಿದ್ದ ಅಯ್ಯನವರು ಗದರಿದರು. ಅವನು ಕೇಳಲಿಲ್ಲ. ಗಂಗಾಧರ ಕೈ ಹಿಡಿದು ಜೋಪಾನವಾಗಿ ಇಳಿಸಿದ.

ಗೂಡಿನೊಳಗೆ ತಣ್ಣಗಿತ್ತು. ಚಕ್ಕಳಮಕ್ಕಳ ಹಾಕಿ ಹಿಂದಕ್ಕೆ ಸರಿದ. ಎರಡೂ ಭುಜ ಮಣ್ಣಿಗೆ ಉಜ್ಜಿ ಸಿಕ್ಕಿಕೊಂಡವು.

“ಹೋಗ್ತದಾ?” ಮೇಲಿನಿಂದ ಚಿಕ್ಕಬೋರಯ್ಯ ಕೇಳಿದ.

“ಹೋಗಲ್ಲ.”

“ಹೊತ್ತು ಮುಳುಗ್ತಾ ಬಂತು,” ಎಂದರು ಅಯ್ಯನವರು. “ಒಸಿ ಒತ್ತಿ ಕೂರಿಸಿದ್ರಾಯ್ತು. ಮಣ್ಣು ಮುಚ್ಚಿದ ಮೇಲೆ ಯಾರು ನೋಡ್ತಾರೆ?”

ಇಂಥದೇ ಮಾತನ್ನು ಮಹಾಲಿಂಗಯ್ಯ ಹಿಂದೆ ವೆಂಕಟರಂಗಯ್ಯನ ಬಾಯಲ್ಲೂ ಕೇಳಿದ್ದ. ತುಕ್ಕು ಹಿಡೀತವೆ ಅಷ್ಟೇ.

“ಬಾಚಿ ಕೊಡಿ,” ಎಂದ. ಈಸಿಕೊಂಡು ಗೂಡಿನ ಎರಡೂ ಪಕ್ಕ ಎರಡೆರಡು ಬೆರಳು ಕೆರೆದ. ಏದುಸಿರು ಬಂತು. ಬಾಚಿ ಕೆಳಗಿಟ್ಟು ತಲೆಯೆತ್ತಿದ. ಅಂಚಿನಲ್ಲಿ ಸಿದ್ದಲಕ್ಷ್ಮಮ್ಮ ನಿಂತಿದ್ದಳು.

“ಅಮ್ಮಾ, ನಾನು ಕಿವೀಲಿ ಹೇಳಿದ್ದು ಸುಳ್ಳಲ್ಲ. ಅವ್ನು ಬಳಿದಿದ್ದ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. “ಮತ್ತೆ… ಪೆಟ್ಟಿಗೆ ಮೇಲೆ ಕೆಂಪು ಇರಲಿಲ್ವಂತಲ್ಲ?”

“ಒರೆಸಿದೋನು ನಾನು. ಅವನ ಮುದ್ರೆ ಒತ್ತಿದೋನೂ ನಾನೇ.”

ಅಂಜಿನಪ್ಪನ ಬೀಡಿ ಬೆರಳಿನಲ್ಲೇ ಉರಿಯಿತು. ಗಂಗಾಧರ ಒಂದು ಹೆಜ್ಜೆ ಮುಂದೆ ಬಂದವನು ತಾಯಿಯ ಮುಖ ನೋಡಿ ನಿಂತ.

“ಹದಿಮೂರು ವರ್ಷ,” ಎಂದಳು ಸಿದ್ದಲಕ್ಷ್ಮಮ್ಮ. “ನಮ್ ಮನೇಲಿ ಉಂಡು ಹೋಗ್ತಿದ್ರಿ. ಅವರು ಕೇಳ್ತಾನೇ ಇದ್ರು.”

ಮಹಾಲಿಂಗಯ್ಯ ಬಾಚಿಯನ್ನು ಎತ್ತಿ ಅಂಚಿಗಿಟ್ಟ. ಮೇಲೆ ಬರಲು ಕೈಯೆತ್ತಿದ. ಚಿಕ್ಕಬೋರಯ್ಯ ಅಭ್ಯಾಸಬಲದಿಂದ ಬಗ್ಗಿ ಕೈ ಚಾಚಿದ.

“ಬುಡು,” ಎಂದಳು ಅವಳು. “ಅವರೇ ಹತ್ಲಿ.”

ಎರಡು ಸಲ ಜಾರಿದ. ಮೂರನೆಯ ಸಲ ಅಂಚಿನ ಗರಿಕೆ ಹಿಡಿದು, ಹೊಟ್ಟೆಯ ಮೇಲೆ ತೆವಳಿ ಮೇಲೆ ಬಂದ. ಅಷ್ಟರಲ್ಲಿ ಹೆಣವನ್ನು ತಂದರು. ಇಳಿಸಿ ಕೂರಿಸಿದರು. ಗುರುಸಿದ್ದಯ್ಯ ಎಲ್ಲಿಯೂ ತಗುಲದೆ ಗೂಡಿನೊಳಗೆ ಹೋಗಿ ಕೂತ.

ಎಲ್ಲರೂ ಒಬ್ಬೊಬ್ಬರಾಗಿ ಬಿಲ್ವಪತ್ರೆ ಹಾಕಲು ಮುಂದೆ ಹೋದರು. ಮಹಾಲಿಂಗಯ್ಯ ದೂರದಲ್ಲಿ ನಿಂತಿದ್ದ. ಅವನ ಬಿಳಿ ಅಂಗಿಯ ಎರಡೂ ಭುಜದ ಮೇಲೆ ಗೂಡಿನ ಕೆಮ್ಮಣ್ಣು ಅಗಲವಾದ ಪಟ್ಟೆಯಾಗಿ ಬಳಿದುಕೊಂಡಿತ್ತು. ಒರೆಸಿಕೋ ಎಂದು ಯಾರೂ ಹೇಳಲಿಲ್ಲ.